ಶೀತದ ಗಂಟು

ನವೆಂಬರ್ 5, ಮಂಗಳವಾರ

ಈ ಡೈರಿ ಹೊಸ ವರ್ಷಕ್ಕೆ ನಮ್ಮ ಟೀ ಫ್ಯಾಕ್ಟರಿಗೆ ಬೆಲ್ಟು, ಬೇರಿಂಗು ಮಾರುವವರು ಕೊಟ್ಟದ್ದು. ಹತ್ತು ತಿಂಗಳಿಂದ ಆಫೀಸಿನ ಡ್ರಾಯರಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ಬರೆಯಲು ಕೂತಿರುವುದು ಹೆದರಿಕೆಯಿಂದ. ಮಹದೇವಸ್ವಾಮಿ ಹೆದರಿದ್ದಾನೆಂದು ಊಟಿ ಬಳಿಯ ಈ ಇತ್ತಲಾರ್‌ನಲ್ಲಿ ಯಾರಿಗೂ ಗೊತ್ತಾಗಬಾರದು. ಡೈರಿಗೆ ಬೀಗ ಬೇಕಿಲ್ಲ, ಮನೆಯಲ್ಲಿ ಕನ್ನಡ ಓದುವವನು ನಾನೊಬ್ಬನೇ. ಚಾಮರಾಜನಗರದ ಸೋದರಮಾವನ ಮನೆಯಲ್ಲಿದ್ದು ಏಳನೇ ಕ್ಲಾಸಿನವರೆಗೆ ಕಲಿತೆ. ಹೆಂಡತಿ ಪ್ರೇಮಲತಾ ಓದಿದ್ದು ಇಲ್ಲೇ, ತಮಿಳಿನಲ್ಲಿ. ಅವ್ವನಿಗೆ ಅಕ್ಷರವೇ ಇಲ್ಲ.

ವಿಷಯ ಇಷ್ಟು. ಶನಿವಾರ ಪ್ರೇಮ ಟೀ ಎಲೆ ಕಿತ್ತು ಬಂದು, ಚೊಂಬೆತ್ತಿ ನೀರು ಕುಡಿಯುತ್ತಿದ್ದಳು. ಕತ್ತಿನಲ್ಲಿ, ಸ್ವಲ್ಪ ಬಲಕ್ಕೆ, ಒಂದು ಗಂಟು ಕಂಡಿತು. ಅವಳು ನುಂಗಿದಾಗಲೆಲ್ಲ ಅದೂ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಅವಳಿಗೆ ಮೊದಲೇ ಗೊತ್ತಿತ್ತಂತೆ, ದೀಪಾವಳಿಗೆ ಮುಂಚಿನಿಂದಲೂ.

ಇವತ್ತು ಊಟಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಅವಳ ಹಿಂದೆ ನಿಂತು ಕತ್ತು ಮುಟ್ಟಿ, ನೀರು ನುಂಗಿಸಿ ನೋಡಿದರು. ಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಎಂದರು. ರಕ್ತ ತೆಗೆಸಿ, ಕೊಯಮತ್ತೂರಿನಲ್ಲಿ ಒಂದು ಸ್ಕ್ಯಾನ್ ಮಾಡಿಸಲು ಚೀಟಿ ಬರೆದರು. ಯಾಕೆ, ಏನು ಎಂದು ಅವಳಿಗೆ ವಿವರಿಸುವಾಗಲೇ ನಮ್ಮ ಮ್ಯಾನೇಜರ್ ಫೋನ್ ಮಾಡಿದರು. ಹೊರಗೆ ಹೋಗಿ ಮಾತಾಡಿ ಬರುವಷ್ಟರಲ್ಲಿ ಮಾತು ಮುಗಿದಿತ್ತು. ವರದಿ ಬಂದ ತಕ್ಷಣ ತಂದು ತೋರಿಸಿ ಎಂದರು ಡಾಕ್ಟರಮ್ಮ.

ಮಗಳು ಅಭಿನಯಾಗೆ ಹೇಳುವುದು ಬೇಡ ಎಂದು ತೀರ್ಮಾನಿಸಿದೆ. ಗೂಡಲೂರಿನಲ್ಲಿ ಗಂಡನ ಮನೆಯಲ್ಲಿದ್ದಾಳೆ, ಐದು ತಿಂಗಳ ಬಸುರಿ. ಚೊಚ್ಚಲ ಹೆರಿಗೆ, ಮಾರ್ಚಿನಲ್ಲಿ. ಬಾಣಂತನಕ್ಕೆ ಇಲ್ಲಿಗೇ ಬರುತ್ತಾಳೆ. ಪ್ರೇಮ ಆಗಲೇ ಹಳೆಯ ಹತ್ತಿ ಸೀರೆಗಳನ್ನು ಒಗೆದು, ಹರಿದು, ಮಡಿಸಿ ಇಟ್ಟಿದ್ದಾಳೆ.

ನವೆಂಬರ್ 14, ಗುರುವಾರ

ಕೊಯಮತ್ತೂರಿಗೆ ಹೋಗಿ ಬಂದೆವು. ಕೈಗೆ ಏನೋ ಔಷಧಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ದೊಡ್ಡ ಯಂತ್ರದ ಕೆಳಗೆ ಮಲಗಿಸಿ ಕತ್ತಿನ ಚಿತ್ರ ತೆಗೆದರು. ಸೆಕೆಗೆ ನನಗೆ ತಲೆ ಸುತ್ತಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ನಿದ್ದೆ ಮಾಡಿದಳು, ಅಥವಾ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಅವಳ ಕತ್ತನ್ನೇ ನೋಡುತ್ತಾ ಬಂದೆ. ಇವಳಿಗೆ ಏನಾದರೂ ಆದರೆ ಅವ್ವನನ್ನು ನೋಡಿಕೊಳ್ಳುವವರು ಯಾರು, ನನಗೆ ಅನ್ನ ಬೇಯಿಸುವವರು ಯಾರು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ನವೆಂಬರ್ 16, ಶನಿವಾರ

ಏನೂ ಇಲ್ಲ. ಬರೀ ಶೀತ.

ವರದಿ ಬೆಳಿಗ್ಗೆ ಫೋನಿಗೆ ಬಂತು. ಫ್ಯಾಕ್ಟರಿಯಲ್ಲಿ ಪ್ರಿಂಟ್ ತೆಗೆದುಕೊಂಡು ಮನೆಗೆ ಬಂದಾಗ ಪಕ್ಕದ ಮನೆಯ ಭೋಜನ್ ಜಗಲಿಯಲ್ಲಿ ಕಾಯುತ್ತಿದ್ದ. ಅವನ ಜೀಪಿನ ಇನ್ಶೂರೆನ್ಸ್ ಕಾಗದ ಓದಿಸಬೇಕಿತ್ತು. ಈ ಬೀದಿಯಲ್ಲಿ ಇಂಗ್ಲಿಷ್ ಕಾಗದ ಯಾರ ಮನೆಗೆ ಬಂದರೂ ನನ್ನ ಜಗಲಿಗೇ ಬರುತ್ತದೆ. ಇಪ್ಪತ್ತಾರು ವರ್ಷ ಫ್ಯಾಕ್ಟರಿ ಆಫೀಸಿನಲ್ಲಿ ಕೂತು ಟೀ ಬೋರ್ಡಿಗೆ ಪತ್ರ ಬರೆದವನಿಗೆ ಅಷ್ಟು ಗೌರವ ಸಲ್ಲಬೇಕಾದದ್ದೇ.

ಎಲ್ಲರೂ ಕೇಳುವಂತೆ ಮೇಲಿಂದ ಕೆಳಗಿನವರೆಗೆ ಓದಿದೆ. ಅರ್ಧ ವೈದ್ಯರ ಭಾಷೆ, ಅದನ್ನು ಬಿಟ್ಟುಬಿಡಬೇಕು. ಮುಖ್ಯವಾದದ್ದು ದಪ್ಪ ಅಕ್ಷರದಲ್ಲಿತ್ತು, ಬಲಭಾಗದಲ್ಲಿ ಕೋಲ್ಡ್ ನಾಡ್ಯೂಲ್. ನಾಡ್ಯೂಲ್ ಅಂದರೆ ಗಂಟು. ಕೋಲ್ಡ್ ಏನೆಂದು ಮೂರನೇ ಕ್ಲಾಸಿನ ಮಗುವನ್ನು ಕೇಳಿದರೂ ಹೇಳುತ್ತದೆ. ಕೊನೆಯಲ್ಲಿ ಎಫ್.ಎನ್.ಎ.ಸಿ. ಅಡ್ವೈಸ್ಡ್ ಎಂದಿತ್ತು. ಯಾವುದೋ ಸಂಘದವರ ಸಲಹೆ ಪ್ರಕಾರ ಮಾಡಿದ ಸ್ಕ್ಯಾನ್ ಇರಬೇಕು.

"ಶೀತದ ಗಂಟು ಕನಮ್ಮಿ. ಅಷ್ಟೇಯ" ಎಂದೆ.

ಅವ್ವ ಕೂಡಲೇ ಶುರು ಮಾಡಿದಳು. "ನಾ ಏಳ್ನಿಲ್ವಾ? ತಲಗ ಬಟ್ಟ ಕಟ್ಕಳ್ದೆ ಮಂಜ್ನಲ್ಲಿ ಎಲೆ ಕೀಳಕ ಹೋದ್ರ ಇನ್ನೇನಾದ್ದು."

ಪ್ರೇಮ ಮಾತ್ರ ಕಾಗದವನ್ನೇ ನೋಡುತ್ತಿದ್ದಳು. "ಗಂಟು ಕೆಲ್ಸ ಮಾಡ್ತದಾ ಇಲ್ವಾ ಅಂತ ನೋಡ್ಬೇಕು ಅಂದಿದ್ರು ಡಾಕ್ಟ್ರಮ್ಮ. ಅದ್ರ ಬಗ್ಗ ಏನೂ ಬರ್ದಿಲ್ವಾ?"

"ಗಂಟೇನು ಫ್ಯಾಕ್ಟ್ರಿ ಕೂಲಿನಾ ಕೆಲ್ಸ ಮಾಡಕ?" ಎಂದೆ. ಭೋಜನ್ ಜೋರಾಗಿ ನಕ್ಕ. ಅವಳೂ ಸ್ವಲ್ಪ ನಕ್ಕಳು.

ಎದೆಯ ಮೇಲಿನ ಕಲ್ಲು ಇಳಿಯಿತು. ಶೀತಕ್ಕೆ ಊಟಿಗೆ ಓಡಿಹೋಗಿ ಡಾಕ್ಟರಮ್ಮನ ಹತ್ತಿರ ನಗೆಪಾಟಲಾಗುವುದು ಬೇಡ. ಅವ್ವ ಒಣಶುಂಠಿ, ಮೆಣಸು, ಓಮ ಕುದಿಸಿ ಕಷಾಯ ಮಾಡಿದ್ದಾಳೆ. ಕತ್ತಿಗೆ ನೀಲಗಿರಿ ಎಣ್ಣೆ ಹಚ್ಚಿ ನನ್ನ ಉಣ್ಣೆಯ ಮಫ್ಲರ್ ಸುತ್ತಿಸಿದೆ. ಇವತ್ತು ಎರಡು ಸಲ ಬಡಿಸಿಕೊಂಡು ಉಂಡೆ.

ನವೆಂಬರ್ 30, ಶನಿವಾರ

ಮೋಡ, ಗಾಳಿ. ಎಲೆ ಕಡಿಮೆ. ಪ್ರೇಮ ಕಷಾಯ ಕುಡಿಯುತ್ತಿದ್ದಾಳೆ. ಗಂಟು ಇಳಿದಿದೆಯಾ ಎಂದರೆ "ಹಂಗೇ ಅದ" ಎನ್ನುತ್ತಾಳೆ. ಶೀತ ಇಳಿಯಲು ಬಿಸಿಲು ಬೇಕು. ಬಿಸಿಲೆಲ್ಲಿದೆ?

ಡಿಸೆಂಬರ್ 22, ಭಾನುವಾರ

ಮೂರು ದಿನದಿಂದ ಇಬ್ಬನಿ ಹೆಪ್ಪುಗಟ್ಟಿ ಬೀಳುತ್ತಿದೆ. ತಗ್ಗಿನ ತೋಟದಲ್ಲಿ ಟೀ ಎಲೆ ಸುಟ್ಟು ಕಪ್ಪಾಗಿದೆ. ಪ್ರೇಮಳ ದನಿ ಒಡೆದಿದೆ. ಅಭಿನಯಾ ಫೋನಿನಲ್ಲಿ "ಯಾಕವ್ವ ಹಿಂಗ ಮಾತಾಡ್ತೀಯ?" ಎಂದು ಕೇಳಿದಳಂತೆ. "ಶೀತ ಅಂತ ನಿಮ್ಮಪ್ಪ ಹೇಳವ್ರ" ಎಂದು ಇವಳು ಹೇಳಿದ್ದು ನನಗೆ ಕೇಳಿಸಿತು. ಅದರಲ್ಲಿ ತಪ್ಪೇನಿಲ್ಲ. ಆದರೂ ನನ್ನ ಹೆಸರು ಯಾಕೆ ಸೇರಿಸಬೇಕಿತ್ತು?

ಊರಿಗೆಲ್ಲ ಕೆಮ್ಮು, ನೆಗಡಿ. ಆ ಜನರ ಕತ್ತಿನಲ್ಲಿ ಗಂಟಿಲ್ಲ ಎಂಬ ಯೋಚನೆ ಬಂತು. ಬಂದದ್ದನ್ನು ಹಾಗೆಯೇ ಕಳಿಸಿದೆ.

ಜನವರಿ 9, ಗುರುವಾರ

ಇವತ್ತು ಅವಳು ತಲೆಗೆ ನೀರು ಹಾಕಿಕೊಂಡು ಬಿಸಿಲಿಗೆ ಕೂತಿದ್ದಳು. ಮಫ್ಲರ್ ತೆಗೆದಿಟ್ಟಿದ್ದಳು. ಎರಡು ತಿಂಗಳಲ್ಲಿ ನಾನು ಆ ಕತ್ತನ್ನು ಹಗಲು ಬೆಳಕಿನಲ್ಲಿ ನೋಡಿಯೇ ಇರಲಿಲ್ಲ. ಗಂಟು ದೊಡ್ಡದಾಗಿದೆ. ಮುಟ್ಟಿದೆ. ಗಟ್ಟಿಯಾಗಿದೆ. ಕಿವಿಯ ಕೆಳಗೂ ಬಟಾಣಿಯಷ್ಟು ಇನ್ನೊಂದು.

ಅವಳು ನನ್ನ ಮುಖ ನೋಡಿದಳು. ನಾನು "ಗಾಳಿ ಬೀಸ್ತಾ ಅದ" ಎಂದು ಮಫ್ಲರ್ ಎತ್ತಿ ನಾನೇ ಸುತ್ತಿದೆ.

ಆಫೀಸಿನಲ್ಲಿ ಫೋನ್ ಕೈಗೆತ್ತಿಕೊಂಡು ವರದಿಯ ಆ ಎರಡು ಪದ ಟೈಪ್ ಮಾಡಿದೆ. ಹುಡುಕುವ ಗುಂಡಿ ಒತ್ತಲಿಲ್ಲ. ಫೋನಿನಲ್ಲಿ ನೋಡಿದರೆ ತಲೆನೋವೂ ಸಾವಿನ ತನಕ ಹೋಗುತ್ತದೆ ಎಂದು ನಾನೇ ಎಲ್ಲರಿಗೂ ಬುದ್ಧಿ ಹೇಳುತ್ತೇನೆ. ಅಳಿಸಿಬಿಟ್ಟೆ. ಟೀ ಬೋರ್ಡಿಗೆ ಹೋಗಬೇಕಾದ ಪತ್ರದಲ್ಲಿ ಎರಡು ಕಡೆ ತಪ್ಪು ಮಾಡಿದೆ.

ಜನವರಿ 12, ಭಾನುವಾರ

ಹೆದರಿಕೆ.

ಜನವರಿ 17, ಶುಕ್ರವಾರ

ಫ್ಯಾಕ್ಟರಿ ಕೆಲಸವೆಂದು ಹೇಳಿ ಊಟಿಗೆ ಒಬ್ಬನೇ ಹೋದೆ. ವರದಿಯನ್ನು ಡಾಕ್ಟರಮ್ಮನ ಮುಂದಿಟ್ಟೆ. ಅವರು ಓದಿ, ತಾರೀಖು ನೋಡಿ, ಮತ್ತೆ ನನ್ನನ್ನು ನೋಡಿದರು. "ಪೇಷಂಟ್ ಎಲ್ಲಿ?" ಎಂದರು ತಮಿಳಿನಲ್ಲಿ.

"ಮನೆಯಲ್ಲಿ. ಶೀತ ಇನ್ನೂ ಇಳಿದಿಲ್ಲ, ಅದಕ್ಕೇ ಏನಾದರೂ ಗಟ್ಟಿ ಮಾತ್ರೆ ಬರೆದುಕೊಡುತ್ತೀರಾ ಅಂತ ಬಂದೆ" ಎಂದೆ.

"ಯಾವ ಶೀತ?" ಎಂದರು. ನಾನು ಆ ಪದವನ್ನು ಬೆರಳಿಟ್ಟು ತೋರಿಸಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಿಧಾನವಾಗಿ ಹೇಳಿದರು. ಸ್ಕ್ಯಾನ್‌ನಲ್ಲಿ ಚುಚ್ಚುವ ಔಷಧಿಯನ್ನು ಕೆಲಸ ಮಾಡುವ ಥೈರಾಯ್ಡ್ ಹೀರಿಕೊಳ್ಳುತ್ತದೆ, ಚಿತ್ರದಲ್ಲಿ ಆ ಜಾಗ ತುಂಬಿಕೊಂಡು ಕಾಣುತ್ತದೆ. ಹೀರದೆ ಖಾಲಿ ಉಳಿಯುವ ಗಂಟಿಗೆ ಕೋಲ್ಡ್ ಎನ್ನುತ್ತಾರೆ. ಕೆಲಸ ಮಾಡದ ಗಂಟು. ಹೆಚ್ಚಿನವು ನಿರಪಾಯ, ಆದರೆ ಕ್ಯಾನ್ಸರ್ ಇದ್ದರೆ ಅದು ಇಂಥ ಗಂಟಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಅದಕ್ಕೇ ಸೂಜಿ ಚುಚ್ಚಿ ಪರೀಕ್ಷೆ ಮಾಡಲೇಬೇಕು. ಎಫ್.ಎನ್.ಎ.ಸಿ. ಅಂದರೆ ಆ ಸೂಜಿ ಪರೀಕ್ಷೆ. ಸಂಘವಲ್ಲ.

ಗಂಟು ಕೆಲಸ ಮಾಡುತ್ತದಾ ಇಲ್ಲವಾ ಎಂದು ಪ್ರೇಮ ಕೇಳಿದ್ದಳು. ಅವಳಿಗೆ ಸರಿಯಾಗಿಯೇ ಅರ್ಥವಾಗಿತ್ತು. ನಾನು ಜಗಲಿಯಲ್ಲಿ ಕೂತು ನಗೆಯಾಡಿದ್ದೆ.

"ಎರಡು ತಿಂಗಳು ಯಾಕೆ ತರಲಿಲ್ಲ?" ಎಂದು ಡಾಕ್ಟರಮ್ಮ ಕೇಳಿದರು. ನಾನು ಹೇಳಿದ್ದನ್ನು ಇಲ್ಲಿಯಾದರೂ ಇದ್ದ ಹಾಗೆ ಬರೆಯಬೇಕು. "ಅವಳು ಹೆದರಿಕೊಂಡಳು ಡಾಕ್ಟರ್. ಬರುವುದಿಲ್ಲ ಅಂತ ಹಟ ಹಿಡಿದಳು" ಎಂದೆ.

ಅವರು ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಂಡರು. ತಲೆಕೆಳಗಾಗಿ ಕಂಡರೂ ಓದಿದೆ. ರೋಗಿ ಭಯದಿಂದ ಬರಲು ನಿರಾಕರಿಸಿದರು. ಈ ಸಲ ಒಂದು ಪದದಲ್ಲೂ ತಪ್ಪಲಿಲ್ಲ.

ಜನವರಿ 20, ಸೋಮವಾರ

ಸೂಜಿ ಪರೀಕ್ಷೆ ಆಯಿತು. ಅನುಮಾನ ಬೇಡ ಅಂತ ಒಂದು ಟೆಸ್ಟ್, ಅಷ್ಟೇ ಎಂದು ಹೇಳಿ ಕರೆದುಕೊಂಡು ಹೋಗಿದ್ದೆ. ಅವಳು ಏನೂ ಕೇಳದೆ ಸೀರೆ ಉಟ್ಟು ಬಂದಳು.

ನರ್ಸ್ ಶೀಟು ನೋಡಿ ಅವಳನ್ನು ಗದರಿಸಿದಳು. "ಏನಮ್ಮಾ, ಮಗಳು ಬಸುರಿ ಅಂತೀರ, ಅಜ್ಜಿಯಾಗೋ ವಯಸ್ಸು. ಸೂಜಿಗೆ ಹೆದರಿ ಎರಡು ತಿಂಗಳು ಮನೆಯಲ್ಲಿ ಕೂತಿದ್ದೀರಾ? ಗಂಡ ಪಾಪ ಒಬ್ಬರೇ ಓಡಾಡಬೇಕಾ?"

ಪ್ರೇಮ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಅಂಗಡಿಯಲ್ಲಿ ಗುರುತಿನವರು ಹೌದೋ ಅಲ್ಲವೋ ಎಂದು ನೋಡುವ ಹಾಗೆ ನೋಡಿದಳು. ಆಮೇಲೆ ನರ್ಸಿಗೆ ತಮಿಳಿನಲ್ಲೇ "ಹೌದು ಸಿಸ್ಟರ್, ಭಯವಾಗಿತ್ತು" ಎಂದಳು.

ನಾನು ನಿಂತೇ ಇದ್ದೆ. ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಆರು ಚಿತ್ರಗಳಿದ್ದವು. ಆರನ್ನೂ ನೋಡಿದೆ.

ಬಸ್ಸಿನಲ್ಲಿ ಅವಳು ಕೇಳಬಹುದು ಎಂದು ಕಾದೆ. ಕೇಳಲಿಲ್ಲ. ಮನೆಗೆ ಬಂದು ಅವ್ವನಿಗೆ ಕಾಲು ತಿಕ್ಕಿದಳು, ಹಿತ್ತಲಿಗೆ ಹೋಗಿ ಬೀನ್ಸ್ ಬಿಡಿಸಿಕೊಂಡು ಬಂದಳು.

ಜನವರಿ 27, ಸೋಮವಾರ

ಕ್ಯಾನ್ಸರ್. ಪ್ಯಾಪಿಲರಿ ಎನ್ನುವ ಜಾತಿಯದು.

ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಇದು ನಿಧಾನದ್ದು, ಆಪರೇಷನ್ ಮಾಡಿ ತೆಗೆದರೆ ಬಹಳ ಮಂದಿ ಚೆನ್ನಾಗಿರುತ್ತಾರೆ ಎಂದು ಡಾಕ್ಟರಮ್ಮ ಮೂರು ಸಲ ಹೇಳಿದರು. ನನಗೆ ಮೊದಲನೇ ಪದ ಮಾತ್ರ ಕೇಳಿಸುತ್ತಿತ್ತು. ಕತ್ತಿನ ಪಕ್ಕದ ಗಂಟಿಗೂ ಹೋಗಿರಬಹುದಂತೆ. ದನಿಯ ನರ ಅಲ್ಲೇ ಹಾದುಹೋಗುತ್ತದೆ, ಅದಕ್ಕೇ ಸ್ವರ ಒಡೆದಿರಬಹುದು.

ಪ್ರೇಮ ಒಂದೇ ಮಾತು ಕೇಳಿದಳು. "ಮಾರ್ಚ್ ಹೊತ್ಗ ನಾ ಸರಿ ಹೋಯ್ತೀನಾ? ಮಗಳ ಹೆರ್ಗ ಅದ." ನನ್ನ ಕಡೆ ತಿರುಗಿ ಕೇಳಿದ್ದಳು, ನಾನು ಅದನ್ನು ತಮಿಳಿನಲ್ಲಿ ಡಾಕ್ಟರಮ್ಮನಿಗೆ ಹೇಳಿದೆ. ಆಪರೇಷನ್ನಿಂದ ಅಷ್ಟರಲ್ಲಿ ಚೇತರಿಸಿಕೊಳ್ಳುತ್ತಾರೆ ಎಂದರು ಡಾಕ್ಟರಮ್ಮ.

ಮನೆಗೆ ಬಂದ ಮೇಲೆ ಅವ್ವ ಕಷಾಯ ತಂದಳು. ಲೋಟ ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದೆ. ಎಪ್ಪತ್ತೆಂಟು ವರ್ಷದ ಮುದುಕಿ ಹೆದರಿ ಮೂಲೆಗೆ ಸರಿದಳು. ಅವಳದೇನು ತಪ್ಪು? ಕಾಗದ ಓದಿದ್ದು ಅವಳಲ್ಲ.

ಫೆಬ್ರವರಿ 4, ಮಂಗಳವಾರ

ಕೊಯಮತ್ತೂರು. ನಾಳೆ ಆಪರೇಷನ್. ಊಟಿಯ ಶೀಟಿನ ಪ್ರತಿ ಇಲ್ಲಿಗೂ ಬಂದಿದೆ. ಸರ್ಜನ್ ಓದಿದರು, "ಭಯಪಟ್ಟು ತಡ ಮಾಡಿದ್ದೀರಲ್ಲಮ್ಮ" ಎಂದರು. ಅವಳು ತಲೆಯಾಡಿಸಿದಳು. ಅರಿವಳಿಕೆ ಡಾಕ್ಟರೂ ಅದನ್ನೇ ಹೇಳಿದರು. ಅವರಿಗೂ ತಲೆಯಾಡಿಸಿದಳು.

ನಾನು ಬಾಯಿ ತೆರೆದೆ. "ಊಟ ಎಷ್ಟು ಗಂಟೆಯಿಂದ ಕೊಡಬಾರದು?" ಎಂದು ಕೇಳಿದೆ.

ಇಪ್ಪತ್ತಾರು ವರ್ಷದಿಂದ ಊರಿನವರ ಕಾಗದ ಓದಿದ್ದೇನೆ. ಅದರಲ್ಲಿ ಇನ್ನೆಷ್ಟು ಜನರಿಗೆ ಏನೇನು ಹೇಳಿದ್ದೇನೋ. ಗೊತ್ತಿಲ್ಲದ ಪದ ಬಂದಾಗ ಒಂದು ಸಲವೂ ಗೊತ್ತಿಲ್ಲ ಎಂದ ನೆನಪಿಲ್ಲ.

ಫೆಬ್ರವರಿ 5, ಬುಧವಾರ

ಬೆಳಿಗ್ಗೆ ಏಳೂವರೆಗೆ ಕರೆದುಕೊಂಡು ಹೋದರು. ಬಳೆ, ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕೊರಳಲ್ಲಿದ್ದ ಶಿವದಾರದ, ಲಿಂಗವಿರುವ ಕರಡಿಗೆಯನ್ನು ಕೊಡುವಾಗ ಮಾತ್ರ ತಡೆದು, ಕಣ್ಣಿಗೊತ್ತಿಕೊಂಡಳು. ಆಗಲೇ ಹೇಳಬೇಕೆಂದಿದ್ದೆ, ಓದಿದ್ದು ತಪ್ಪಾಯಿತು, ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪಾಯಿತು ಎಂದು. ಗಾಲಿಯ ಮಂಚ ಹೊರಟುಬಿಟ್ಟಿತು.

ಹನ್ನೊಂದಾಯಿತು, ಹನ್ನೆರಡಾಯಿತು. ಅಭಿನಯಾಗೆ ವಿಷಯ ಹೇಳಿ ಒಂದು ವಾರವಾಯಿತು, ಗಂಟೆಗೊಮ್ಮೆ ಫೋನ್ ಮಾಡಿ ಅಳುತ್ತಾಳೆ. ಅವಳು ಬೆಟ್ಟ ಇಳಿದು ಬರುವ ಹಾಗಿಲ್ಲ. ನಾನು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದೆ. ಪ್ರೇಮ ಸತ್ತರೆ ನಿಜ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂತು. ಆ ಯೋಚನೆ ಬಂದವನು ನಾನೇ. ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದೆ, ಮತ್ತೆ ತೊಳೆದೆ.

ಒಂದೂಕಾಲಿಗೆ ಸರ್ಜನ್ ಹೊರಗೆ ಬಂದರು. ಥೈರಾಯ್ಡ್ ಪೂರ್ತಿ ತೆಗೆದಿದ್ದಾರೆ, ಪಕ್ಕದ ಗಂಟುಗಳನ್ನೂ. ದನಿಯ ನರ ಉಳಿದಿದೆ. ತೆಗೆದದ್ದೆಲ್ಲ ಪರೀಕ್ಷೆಗೆ ಹೋಗುತ್ತದೆ. ನಾನು ಅವರ ಕಾಲಿಗೆ ಬೀಳಲು ಹೋದೆ, ಅವರು ಹಿಡಿದುಕೊಂಡರು.

ಫೆಬ್ರವರಿ 9, ಭಾನುವಾರ

ನಿನ್ನೆ ಮನೆಗೆ ಬಂದೆವು. ಇವತ್ತು ಬೆಳಿಗ್ಗೆ ಪ್ರೇಮ ತುಟಿ ಜುಮುಜುಮು ಎನ್ನುತ್ತದೆ ಎಂದಳು, ಬೆರಳ ತುದಿಯೂ. ಹೊರಗೆ ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿತ್ತು. "ಚಳಿಗ ಮರಗಟ್ಟದ ಕನವ್ವ, ಒಲೆ ಮುಂದ ಕೂತ್ಕ" ಎಂದಳು ಅವ್ವ. ಪ್ರೇಮಳೂ ಒಲೆಯ ಮುಂದೆ ಹೋಗಿ ಕೂತಳು.

ನನಗೂ ಚಳಿಯೇ ಅನ್ನಿಸಿತು. ಬೆಳಗಿನ ಹೊತ್ತು ನನ್ನ ಬೆರಳೂ ಮರಗಟ್ಟಿದ್ದವು. ಆದರೂ ಆಸ್ಪತ್ರೆಯವರು ಕೊಟ್ಟ ಕಾಗದ ತೆಗೆದೆ. ಎಚ್ಚರಿಕೆ ಎಂಬ ಜಾಗದಲ್ಲಿ ಎರಡು ಸಾಲು, ಅದರಲ್ಲಿ ಒಂದು ಪದ ನಾನು ಯಾವತ್ತೂ ನೋಡಿರದದ್ದು. ಆ ಕಾಗದದ ನಂಬರಿಗೇ ಫೋನ್ ಮಾಡಿದೆ. "ಸಿಸ್ಟರ್, ಇಲ್ಲಿ ಒಂದು ಪದ ಇದೆ. ನನಗೆ ಗೊತ್ತಿಲ್ಲ. ಅಕ್ಷರ ಹೇಳುತ್ತೇನೆ, ಅರ್ಥ ಹೇಳಿ" ಎಂದೆ. ಒಂದೊಂದೇ ಅಕ್ಷರ ಹೇಳಿದೆ. ಹನ್ನೆರಡು ಅಕ್ಷರ.

"ಜುಮುಗುಟ್ಟುವುದು, ಮರಗಟ್ಟುವುದು. ತುಟಿ, ಬೆರಳಿನಲ್ಲಿ ಇದೆಯಾ?" ಎಂದರು. ಇದೆ ಎಂದೆ. "ಕ್ಯಾಲ್ಸಿಯಂ ಇಳಿಯುತ್ತಿದೆ. ಹತ್ತಿರದ ಆಸ್ಪತ್ರೆಗೆ ಈಗಲೇ ಹೊರಡಿ, ಕಾಯಬೇಡಿ" ಎಂದರು.

ಭೋಜನ್ ಸ್ನಾನಕ್ಕೆ ಹೊರಟವನು ಹಾಗೆಯೇ ಜೀಪ್ ತೆಗೆದ. ದಾರಿಯಲ್ಲಿ ಅವಳ ಎರಡೂ ಕೈಯ ಬೆರಳು ತಾವಾಗಿಯೇ ಒಳಕ್ಕೆ ಸೆಟೆದುಕೊಂಡವು. ಬಿಡಿಸಲು ಹೋದರೆ ಬಿಡಲಿಲ್ಲ. ಅವಳು ಕೈಗಳನ್ನು ನೋಡುತ್ತಾ, ಒಡೆದ ದನಿಯಲ್ಲಿ "ಇದೇನಿದು, ಇದೇನಿದು" ಎನ್ನುತ್ತಿದ್ದಳು. "ಗೊತ್ತಿಲ್ಲ ಕನಮ್ಮಿ, ಕ್ಯಾಲ್ಸಿಯಂ ಅಂದ್ರು, ಹೋಗಿ ಕೇಳಣ" ಎಂದೆ. ಆ ಕೈಗಳನ್ನು ನನ್ನ ಎರಡು ಕೈಯ ನಡುವೆ ಇಟ್ಟುಕೊಂಡೆ. ಊಟಿ ತಲುಪುವವರೆಗೆ ಬಿಡಲಿಲ್ಲ.

ರಕ್ತನಾಳಕ್ಕೆ ನಿಧಾನವಾಗಿ ಔಷಧಿ ಕೊಟ್ಟರು. ಅರ್ಧ ಗಂಟೆಯಲ್ಲಿ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು.

ಫೆಬ್ರವರಿ 10, ಸೋಮವಾರ

ಇನ್ನೂ ಊಟಿ ಆಸ್ಪತ್ರೆಯಲ್ಲೇ ಇದ್ದೇವೆ. ಡ್ಯೂಟಿ ಡಾಕ್ಟರ್ ಚಿತ್ರ ಬರೆದು ತೋರಿಸಿದರು. ಥೈರಾಯ್ಡಿನ ಹಿಂಭಾಗಕ್ಕೆ ಅಂಟಿಕೊಂಡು ನಾಲ್ಕು ಪುಟ್ಟ ಗ್ರಂಥಿಗಳಿರುತ್ತವಂತೆ, ಬೇಳೆಕಾಳಿನಷ್ಟು. ಪ್ಯಾರಾಥೈರಾಯ್ಡ್ ಎಂದು ಹೆಸರು. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂದು ಕಾಯುವುದು ಅವುಗಳ ಕೆಲಸ. ಪಕ್ಕದಲ್ಲಿ ಕತ್ತರಿ ಆಡಿದಾಗ ಅವ್ಯಾವುವೂ ಹಾಳಾಗದಿದ್ದರೂ ಕೆಲವು ದಿನ, ಕೆಲವು ವಾರ ಮಂಕಾಗುತ್ತವೆ. ಕ್ಯಾಲ್ಸಿಯಂ ಇನ್ನೂ ಇಳಿದಿದ್ದರೆ ಫಿಟ್ಸ್ ಬರಬಹುದಿತ್ತು, ಗಂಟಲು ಕಟ್ಟಬಹುದಿತ್ತು.

ಅರ್ಥವಾಗದಲ್ಲೆಲ್ಲ ತಡೆದು ಕೇಳಿದೆ. ಡಾಕ್ಟರಿಗೆ ಬೇಸರ ಬಂದಿರಬೇಕು. ಚಿತ್ರದ ಹಾಳೆಯನ್ನು ಪ್ರೇಮ ತೆಗೆದುಕೊಂಡಳು. ಬಹಳ ಹೊತ್ತು ನೋಡಿ, "ಇಷ್ಟಿಷ್ಟೇ ಅವ" ಎಂದಳು. ಅವಳು ಮಧ್ಯಾಹ್ನ ಅರ್ಧ ಇಡ್ಲಿ ತಿಂದಳು, ಸಂಜೆ ಒಂದು ಪೂರ್ತಿ. ಬಲಗೈ ಕಿರುಬೆರಳು ಇನ್ನೂ ಸ್ವಲ್ಪ ಜುಮು ಎನ್ನುತ್ತದಂತೆ.

ಫೆಬ್ರವರಿ 20, ಗುರುವಾರ

ಪರೀಕ್ಷೆಯ ಫಲಿತಾಂಶ ಬಂದಿದೆ. ಊಟಿಯ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ಲಕೋಟೆಯನ್ನು ನಾನು ಒಡೆಯಲಿಲ್ಲ.

ಪಕ್ಕದ ಗಂಟುಗಳಲ್ಲಿ ಮೂರರಲ್ಲಿ ಕ್ಯಾನ್ಸರ್ ಇತ್ತು. ಬೇರೆ ಕಡೆಗೆ ಹೋದ ಗುರುತಿಲ್ಲ. ಆದರೂ ಉಳಿದಿರಬಹುದಾದ ಚೂರುಗಳಿಗಾಗಿ ವಿಕಿರಣ ಅಯೋಡಿನ್ ಎಂಬ ಔಷಧಿ ನುಂಗಿಸಬೇಕು, ಮಾರ್ಚ್ ಮೂರನೇ ವಾರ. ಅದು ಮೈಯಲ್ಲಿರುವಷ್ಟು ದಿನ ಬೇರೆ ಕೋಣೆ, ಬೇರೆ ತಟ್ಟೆ. "ಆಮೇಲೆ ಕನಿಷ್ಠ ಮೂರು ವಾರ ಬಸುರಿ ಹೆಂಗಸರು, ಎಳೆಗೂಸುಗಳ ಹತ್ತಿರ ಹೋಗಲೇಬಾರದು" ಎಂದರು.

ಪ್ರೇಮ ನನ್ನ ಕಡೆ ನೋಡಿದಳು, ತಾನು ಕೇಳಿದ್ದು ಸರಿಯಾ ಎಂದು. ಸರಿ ಎಂದು ತಲೆಯಾಡಿಸಿದೆ. ಅಭಿನಯಾಗೆ ದಿನ ಕೊಟ್ಟಿರುವುದು ಮಾರ್ಚ್ ಇಪ್ಪತ್ನಾಲ್ಕು. ಬಾಣಂತನ ಅತ್ತೆಯ ಮನೆಯಲ್ಲೇ ಆಗಬೇಕು.

"ಔಸ್ದಿಯ ಮುಂದಕ್ಕ ಹಾಕಕ ಆಗಲ್ವಾ?" ಎಂದು ಪ್ರೇಮ ಕೇಳಿದಳು. ಡಾಕ್ಟರಮ್ಮ ಇಲ್ಲ ಎಂದರು. ಕೋಪದಲ್ಲಲ್ಲ, ಬೇಜಾರಿನಲ್ಲೇ ಹೇಳಿದರು. "ನವೆಂಬರಿನಲ್ಲೇ ಬಂದಿದ್ದರೆ ಇಷ್ಟೊತ್ತಿಗೆ ಎಲ್ಲ ಮುಗಿದು ಮೊಮ್ಮಗುವನ್ನು ಎತ್ತಿಕೊಳ್ಳಬಹುದಿತ್ತಲ್ಲಮ್ಮ. ಹೆದರಿಕೊಂಡು ಕೂತಿರಿ."

ಅವಳು ಈ ಸಲವೂ ತಲೆಯಾಡಿಸಲು ಹೊರಟಳು. ಕಣ್ಣು ತುಂಬಿತ್ತು.

"ಅವಳು ಹೆದರಿ ಕೂರಲಿಲ್ಲ ಡಾಕ್ಟರ್" ಎಂದೆ. ಇಂಗ್ಲಿಷಿನಲ್ಲಲ್ಲ, ತಮಿಳಿನಲ್ಲೇ ಹೇಳಿದೆ, ಅವಳಿಗೂ ಅರ್ಥವಾಗಬೇಕಿತ್ತು. "ವರದಿ ಓದಿದ್ದು ನಾನು. ಕೋಲ್ಡ್ ಅಂದರೆ ಶೀತ ಅಂದುಕೊಂಡೆ. ಊರಿನವರ ಮುಂದೆ ಹಾಗೇ ಹೇಳಿದೆ. ಅವಳು ಸರಿಯಾಗಿ ಕೇಳಿದಳು, ನಾನು ನಕ್ಕು ಬಾಯಿ ಮುಚ್ಚಿಸಿದೆ. ನೀವು ಕೇಳಿದಾಗ ತಪ್ಪನ್ನು ಅವಳ ಮೇಲೆ ಹಾಕಿದೆ. ಅವಳು ಬರುವುದಿಲ್ಲ ಅಂತ ಯಾವತ್ತೂ ಅನ್ನಲಿಲ್ಲ. ಅದನ್ನು ಹೊಡೆದುಹಾಕಿ."

ಗುಡುಗು ಸಿಡಿಲು ಏನೂ ಆಗಲಿಲ್ಲ. ಡಾಕ್ಟರಮ್ಮ ನನ್ನನ್ನು ಒಂದು ಕ್ಷಣ ನೋಡಿ, ಶೀಟು ಹುಡುಕಿ, ಆ ಸಾಲಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. "ಆ ಎರಡು ತಿಂಗಳಿಂದ ಹೆಚ್ಚು ಹರಡಿತಾ?" ಎಂದು ಕೇಳಿದೆ. "ಹೇಳಲು ಬರುವುದಿಲ್ಲ" ಎಂದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೇಕೆಂದೂ ಇತ್ತು.

"ಡಾಕ್ಟ್ರಮ್ಮ ಆ ಸಾಲ ಪೂರ್ತಿ ಹೊಡ್ದಾಕುದ್ರಾ?" ಎಂದಳು. ದನಿ ಇನ್ನೂ ಪಿಸುಮಾತಿನಷ್ಟೇ ಇದೆ.

"ಪೂರ್ತಿ."

"ಅರ್ಧ ಇರ್ಬೇಕಾಗಿತ್ತು. ಬರಲ್ಲ ಅಂತ ನಾ ಅನ್ನಿಲ್ಲ. ಹೆದ್ರಕಂಡಿದ್ದು ದಿಟ." ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. "ದೀಪಾವಳಿಗೂ ಮುಂಚಿಂದ ದಿನಾ ಹೆದ್ರಿಕ. ನೀವು ಶೀತ ಅಂದ್ಬುಟ್ರಿ, ಎಲ್ಲಾರೂ ನಕ್ಬುಟ್ರಿ. ಆಮೇಲ ಹೆದ್ರಿಕ ಆಯ್ತದ ಅಂತ ನಾ ಯಾರ್ಗ ಹೇಳ್ಬೇಕಾಗಿತ್ತು? ಮಫ್ಲರ್ ಒಳಗ ಕೈ ಇಟ್ಕಂಡು ದಿನಾ ನಾನೇ ಮುಟ್ಟಿ ನೋಡ್ಕತಿದ್ದಿ."

ಇಷ್ಟು ದಿನದಲ್ಲಿ ಅವಳನ್ನು ಒಂದು ಸಲವೂ ಕೇಳಿರಲಿಲ್ಲವೆಂದು ಆಗಲೇ ಹೊಳೆದದ್ದು.

"ಈಗ್ಲೂ ಆಯ್ತದಾ?" ಎಂದೆ.

"ಆಯ್ತದ."

"ಹೇಳು."

ಹೇಳಿದಳು. ಇತ್ತಲಾರ್ ಬಂದಾಗ ಇನ್ನೂ ಮುಗಿದಿರಲಿಲ್ಲ. ಇಳಿದು, ಸ್ಟಾಪಿನ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತು ಉಳಿದದ್ದನ್ನೂ ಕೇಳಿದೆ.